ಕರಟದೆಣ್ಣೆಯ ಅಕ್ಷರ

ಕಾಲ್ಬೆರಳಿನ ಸಂದಿಯಲ್ಲಿ ಮತ್ತೆ ನವೆ ಶುರುವಾಗಿತ್ತು. ಚಪ್ಪಲಿ ಬಿಟ್ಟು ಒಂದು ಸಲ ಚೆನ್ನಾಗಿ ಕೆರೆದುಕೊಂಡರೆ ಜೀವಕ್ಕೆ ಹಾಯೆನಿಸುತ್ತಿತ್ತು. ಆದರೆ ಒಂದು ಕೈಯಲ್ಲಿ ಸುಣ್ಣದ ಬಕೆಟ್ಟು, ಇನ್ನೊಂದರಲ್ಲಿ ಉಳಿ, ಸುತ್ತಿಗೆ, ಕರಣೆ ತುಂಬಿದ ಚೀಲ. ಕೆಳಗಿಡಬೇಕಾದರೆ ನಿಲ್ಲಬೇಕು, ನಿಂತರೆ ಯಾರಾದರೂ ಎಲ್ಲಿಗೆ ಹೊರಟೆ ಎಂದು ಕೇಳುತ್ತಾರೆ. ಸೂರ್ಯಪ್ರಕಾಶ್ ನಿಲ್ಲದೆ ನಡೆದ. ಚಿಕ್ಕನಾಯಕನಹಳ್ಳಿಯಂಥ ಊರಿನಲ್ಲಿ ಒಂದು ಬೀದಿಯನ್ನು ಒಂಬತ್ತು ವರ್ಷ ತಪ್ಪಿಸಿಕೊಂಡು ಬದುಕುವುದು ಸುಲಭವೇನಲ್ಲ. ಹಿಟ್ಟಿನ ಗಿರಣಿ ಆ ಬೀದಿಯ ತುದಿಯಲ್ಲೇ ಇತ್ತು. ರಾಗಿ ಬೀಸಿಸಲು ಯಾವಾಗಲೂ ಹೆಂಡತಿ ರಾಧಾಮಣಿಯನ್ನೇ ಕಳಿಸುತ್ತಿದ್ದ. ಗಂಡಸಾದವನು ಒಂದು ಮೂಟೆ ಹೊತ್ತರೆ ಸವೆದುಹೋಗ್ತೀಯಾ ಎಂದು ಅವಳು ಬೈಯುತ್ತಿದ್ದಳು. ಬೈಸಿಕೊಳ್ಳುವುದು ಆ ಬೀದಿಯಲ್ಲಿ ನಡೆಯುವುದಕ್ಕಿಂತ ಸಲೀಸಾಗಿತ್ತು. ಇವತ್ತು ಬೇರೆ ದಾರಿಯಿರಲಿಲ್ಲ.

ನಿನ್ನೆ ಇಮ್ದಾದ್ ಬಂದಾಗ ಅವನು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದ. ತಿಪಟೂರಿಗೆ ಫ್ಲೆಕ್ಸ್ ಮೆಷಿನ್ನು ಬಂದ ಮೇಲೆ ಕೈಯಲ್ಲಿ ಬೋರ್ಡು ಬರೆಸುವವರು ಕಡಿಮೆಯಾಗಿದ್ದರು. ಈಚೆಗೆ ಅವನು ಗೋಡೆಗೆ ಸುಣ್ಣ ಬಳಿಯುವುದಕ್ಕೂ, ಒಡೆದ ಗಾರೆಗೆ ತೇಪೆ ಹಾಕುವುದಕ್ಕೂ ಹೋಗುತ್ತಿದ್ದ. ಇಮ್ದಾದ್, ಪೀರ್ ಸಾಬರ ಮಗ. ಅಪ್ಪ ಹೋದ ವರ್ಷ ತೀರಿಕೊಂಡ ಮೇಲೆ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿಯನ್ನು ತಿಪಟೂರಿಗೆ ಸಾಗಿಸಿ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾನೆ. ಒಳಗೆ ಬಾ ಎಂದರೂ ಬರಲಿಲ್ಲ. ಶುಕ್ರವಾರ ತಂಗಿ ನಾಹಿದಾಳನ್ನು ನೋಡಲು ಹುಳಿಯಾರಿನಿಂದ ಗಂಡಿನ ಕಡೆಯವರು ಬರುತ್ತಾರೆ, ಹುಡುಗನ ತಂದೆ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಎಂದ. ಅಷ್ಟು ಹೇಳಿ ಬೀದಿಯ ಕಡೆ ನೋಡುತ್ತ ನಿಂತ. ಸೂರ್ಯಪ್ರಕಾಶನಿಗೆ ಆಗಲೇ ಅರ್ಥವಾಗಿತ್ತು, ಆದರೂ ಅರ್ಥವಾಗದವನಂತೆ ಬ್ರಶ್ಶು ಒರೆಸುತ್ತ ಕೂತ.

"ನೀವೇ ಬರ್ದಿದ್ದು, ನೀವೇ ತೆಗೀರಿ" ಎಂದ ಇಮ್ದಾದ್. "ಅಮ್ಮಿ ಏನಾದ್ರೂ ಅಂದ್ರೆ ಹ್ಞೂ ಅನ್ನಿ ಸಾಕು. ಅವ್ರಿಗೆ ಏನೂ ಹೇಳ್ಬೇಡಿ."

ಅಮ್ಮಿಗೆ ಹೇಳುವುದೇನು ಉಳಿದಿದೆ ಎಂದು ಸೂರ್ಯಪ್ರಕಾಶನಿಗೆ ಹೊಳೆಯಲಿಲ್ಲ. ಗೋಡೆಯೇ ಅಷ್ಟು ವರ್ಷದಿಂದ ಹೇಳುತ್ತ ನಿಂತಿದೆಯಲ್ಲ. ಈಗ ಅದರ ಮುಂದೆ ಬಕೆಟ್ಟು ಇಳಿಸಿ ತಲೆಯೆತ್ತಿದ. ಪೀರ್ ಸಾಬರ ಮನೆಯ, ಬೀದಿಗೆ ಮುಖ ಮಾಡಿದ ಪಕ್ಕದ ಗೋಡೆ, ಎದೆಯೆತ್ತರದಲ್ಲಿ, ಮೊಳದುದ್ದದ ಅಕ್ಷರಗಳು: ಇವರು ನಮ್ಮವರಲ್ಲ. ಮೇಲೆ ಎಷ್ಟೋ ಸಲ ಸುಣ್ಣ ಬಳಿದ ಗುರುತಿತ್ತು. ಅಷ್ಟೂ ಸುಣ್ಣವನ್ನು ತೋಯಿಸಿಕೊಂಡು, ಅಂಗಿಯಿಂದ ಬೆವರು ಮೂಡಿಬಂದ ಹಾಗೆ, ಕಂದುಕಪ್ಪಾಗಿ ಅವು ಮತ್ತೆ ಮೇಲೆ ಬಂದಿದ್ದವು. ಅಂಚು ಸ್ವಲ್ಪ ಹರಡಿದ್ದರೂ ಕೈ ಯಾರದೆಂದು ಊರಿನಲ್ಲಿ ಯಾರು ಬೇಕಾದರೂ ಹೇಳಬಹುದಿತ್ತು. ಬ್ರಶ್ಶನ್ನು ಎತ್ತದೆ ಒಂದೇ ಎಳೆತಕ್ಕೆ ಬರೆದ ಆ 'ಇ'ಕಾರ ನೋಡಿ ಅವನಿಗೆ ಮೊದಲು ಆದದ್ದು ನಾಚಿಕೆಯಲ್ಲ. ಎಷ್ಟು ಚೆನ್ನಾಗಿ ಬರೀತಿದ್ದೆ ಅನ್ನಿಸಿತು. ನಾಚಿಕೆ ಆಮೇಲೆ ಬಂತು, ಹಾಗೆ ಅನ್ನಿಸಿದ್ದಕ್ಕೆ.

ಸ್ವಜನ ಪಕ್ಷ ಈ ಊರಿಗೆ ಬಂದದ್ದು ಒಂದು ಬಿಳಿ ಕಾರಿನಲ್ಲಿ. ರಾಜ್ಯಾಧ್ಯಕ್ಷ ಅನ್ನಿಸಿಕೊಂಡವರು ಬೆಂಗಳೂರಿನಿಂದ ಬಂದು, ಕೊಬ್ಬರಿ ವ್ಯಾಪಾರಿ ಹುಚ್ಚರಂಗಯ್ಯನ ಮಂಡಿಯ ಮುಂದೆ ಕುರ್ಚಿ ಹತ್ತಿ ನಿಂತು ಮಾತಾಡಿದರು. ಕೊಬ್ಬರಿ ರೇಟು ಯಾಕೆ ಬಿತ್ತು, ಹುಡುಗರಿಗೆ ಯಾಕೆ ಕೆಲಸವಿಲ್ಲ, ಕೆರೆಗೆ ಯಾಕೆ ನೀರಿಲ್ಲ, ಎಲ್ಲಕ್ಕೂ ಅವರ ಹತ್ತಿರ ಒಂದೇ ಉತ್ತರವಿತ್ತು, ಆ ಉತ್ತರ ಪಕ್ಕದ ಬೀದಿಯಲ್ಲೇ ಸಂಸಾರ ಮಾಡಿಕೊಂಡಿತ್ತು. ಸೂರ್ಯಪ್ರಕಾಶ್ ಅದನ್ನು ಪೂರ್ತಿ ನಂಬಿದ್ದನೋ ಇಲ್ಲವೋ, ಈಗ ಎಷ್ಟು ಕೆದಕಿದರೂ ಅವನಿಗೇ ಸರಿಯಾಗಿ ಸಿಕ್ಕುವುದಿಲ್ಲ. ನೆನಪಿರುವುದು, ಅಧ್ಯಕ್ಷರು ಕುರ್ಚಿಯಿಂದಿಳಿದು ಹಿಂದೆ ಕಟ್ಟಿದ್ದ ಬಟ್ಟೆಯ ಬ್ಯಾನರನ್ನು ಕೈಯಿಂದ ಸವರಿ, ಇದು ಯಾರ ಅಕ್ಷರ ಎಂದು ಕೇಳಿದ್ದು. ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದು, ಅಪ್ಪನಿಂದ ದಂಡಪಿಂಡ ಅನ್ನಿಸಿಕೊಂಡವನಿಗೆ ಅಷ್ಟು ಸಾಕಾಯಿತು. ಪ್ರಚಾರ ಕಾರ್ಯದರ್ಶಿಯಾದ. ಜೀಪಿನಲ್ಲಿ ಇಟ್ಟಿಗೆ ಬಣ್ಣದ ಬಾವುಟ ಕಟ್ಟಿಕೊಂಡು ಕೆಂಕೆರೆಗೆ ಹೋದ, ದಂಡಿನಶಿವರಕ್ಕೆ ಹೋದ, ತುರುವೇಕೆರೆಯ ಸಂತೆಯಲ್ಲಿ ಮೈಕು ಹಿಡಿದ. ಅವರ ಹತ್ತಿರ ಮೋಟಾರು ರಿಪೇರಿ ಮಾಡಿಸಬೇಡಿ, ಬಟ್ಟೆ ಹೊಲಿಸಬೇಡಿ, ಕಾಯಿ ಮಾರಬೇಡಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ತೊಂಬತ್ತನಾಲ್ಕರ ಚುನಾವಣೆಯಲ್ಲಿ ಹುಚ್ಚರಂಗಯ್ಯ ಸೋತರೂ, ಬಿದ್ದ ಓಟು ನೋಡಿ ಗೆದ್ದವನೇ ಬೆಚ್ಚಿಬಿದ್ದ. ಅದಾದ ಮೇಲೆ ಪುರಸಭೆಗೆ ಪಕ್ಷದ ಇಬ್ಬರು ಆರಿಸಿಬಂದರು. ಆಗೆಲ್ಲ ಇವನು ಹೋಟೆಲಿಗೆ ಕಾಲಿಟ್ಟರೆ ಯಾರಾದರೂ ಎದ್ದು ಕುರ್ಚಿ ಬಿಡುತ್ತಿದ್ದರು. ಎದ್ದವರು ಗೌರವಕ್ಕೆ ಎದ್ದರೋ ಪಕ್ಕ ಕೂರಲು ಮನಸ್ಸಿಲ್ಲದೆ ಎದ್ದರೋ, ಅವನು ಆಗ ಯೋಚಿಸಿರಲಿಲ್ಲ.

ಉಳಿಯಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟ. ಸುಣ್ಣದ ಹೆಕ್ಕಳಿಕೆ ಎದ್ದು ಕಾಲ ಮೇಲೆ ಬಿತ್ತು. ಅದರ ಕೆಳಗಿನ ಗಾರೆಯೂ ಕಂದಾಗಿತ್ತು. ಇನ್ನೊಂದು ಪೆಟ್ಟು ಹಾಕಿದ, ಅಲ್ಲೂ ಹಾಗೇ. ಅವತ್ತು ಬಣ್ಣದ ಬದಲು ಬಳಸಿದ್ದ ಎಣ್ಣೆ ಇಟ್ಟಿಗೆಯವರೆಗೂ ಇಳಿದಿತ್ತು. ಅಕ್ಷರದ ಮೇಲಷ್ಟೇ ಕೆತ್ತಿದರೆ ಅಕ್ಷರ ಹೋಗಿ ಅದರ ಗುಂಡಿ ಉಳಿಯುತ್ತದೆ, ಸಂಜೆ ಬಿಸಿಲು ಅಡ್ಡ ಬಿದ್ದರೆ ಹುಳಿಯಾರಿನ ಮೇಷ್ಟ್ರು ಇನ್ನೂ ಸಲೀಸಾಗಿ ಓದಬಹುದು. ಇಡೀ ಗೋಡೆಯ ಗಾರೆಯನ್ನೇ ಉದುರಿಸಬೇಕು. ಅವನಿಗೆ ಶುರುವಿನಲ್ಲೇ ಸುಸ್ತಾಯಿತು.

ಪಕ್ಷ ಇಳಿದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಅವನ ಹತ್ತಿರ ಹೇಳುವಂಥ ಕಥೆಯಿರಲಿಲ್ಲ. ಯಾರೂ ಅದನ್ನು ಎದುರು ನಿಂತು ಸೋಲಿಸಲಿಲ್ಲ. ಪುರಸಭೆಯ ಇಬ್ಬರು ಬೀದಿದೀಪದ ಗುತ್ತಿಗೆಗೆ ಕಿತ್ತಾಡಿ ಒಬ್ಬರ ಮೇಲೊಬ್ಬರು ಕಂಪ್ಲೇಂಟು ಕೊಟ್ಟರು. ರಾಜ್ಯಾಧ್ಯಕ್ಷರು ದೊಡ್ಡ ಪಕ್ಷವೊಂದಕ್ಕೆ ಹಾರಿದರು. ಮಾರನೆಯ ವಾರ ಹುಚ್ಚರಂಗಯ್ಯನ ಮಂಡಿಯಲ್ಲಿ ಫೋಟೋ ಬದಲಾಗಿತ್ತು, ಮೊಳೆ ಮಾತ್ರ ಅದೇ. ಏನಣ್ಣಾ ಇದು ಎಂದದ್ದಕ್ಕೆ, ಕಾಲ ನೋಡ್ಕೊಂಡು ಕುಣೀಬೇಕು ಕಣ್ಲಾ, ನೀನೂ ಬಂದ್ಬುಡು ಎಂದಿದ್ದ. ಪಕ್ಷದ ಆಫೀಸು ಬೋಂಡಾ ಅಂಗಡಿಯಾಯಿತು. ಮಿಕ್ಕ ಬಾವುಟಗಳನ್ನು ರಾಧಾಮಣಿ ಹೊಲಿದು ಕೊಬ್ಬರಿ ಒಣಗಿಸುವ ಹಾಸು ಮಾಡಿದಳು. ತೊಂಬತ್ತೊಂಬತ್ತರಲ್ಲಿ ಠೇವಣಿ ಹೋಗಲಿಲ್ಲ, ಕಟ್ಟಲು ಒಬ್ಬನೂ ಇರಲಿಲ್ಲ. ಅದರ ಹಿಂದಿನ ವರ್ಷ, ಬಣ್ಣದ ಡಬ್ಬದ ಕೆಳಗೆ ಹಾಸಿದ್ದ ಪೇಪರಿನ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಕಂಡಿತ್ತು: ಜೆಕ್ ಗಣರಾಜ್ಯವೆಂಬ ದೇಶದಲ್ಲಿ, ಅಲ್ಲಿಯ ರೋಮಾ ಎಂಬ ಜನರ ಮೇಲೆ ಹರಿಹಾಯುತ್ತ ಎರಡು ಚುನಾವಣೆಯಲ್ಲಿ ಸೀಟು ಗೆದ್ದು ಸಂಸತ್ತಿನಲ್ಲಿ ಕೂತಿದ್ದ ಪಕ್ಷವೊಂದು ಈ ಸಲ ಒಂದು ಸೀಟೂ ಇಲ್ಲದೆ ಹೊರಬಿದ್ದಿತ್ತು. ಆ ದೇಶ ಭೂಪಟದಲ್ಲಿ ಎಲ್ಲಿದೆಯೆಂದೂ ಅವನಿಗೆ ಗೊತ್ತಿರಲಿಲ್ಲ. ಆದರೂ ಪೇಪರು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ ಓದಿದ. ಅಲ್ಲಿಯೂ ಒಬ್ಬ ಬೋರ್ಡು ಬರೆಯುವವನು ಇದ್ದಿರಬೇಕು; ಅವನು ಬರೆದ ಗೋಡೆಗಳೂ ನಿಂತಿರಬೇಕು. ಪಕ್ಷದವರು ಮನೆಗೆ ಹೋದರು, ಗೋಡೆ ಎಲ್ಲಿಗೆ ಹೋಗುತ್ತದೆ?

ಆ ಸುದ್ದಿ ಓದಿದ ದಿನವೇ ಇರಬೇಕು, ಅವನು ಧೈರ್ಯ ಮಾಡಿ ಪೇಟೆಯಲ್ಲಿದ್ದ ಪೀರ್ ಸಾಬರ ಅಂಗಡಿಗೆ ಹೋದದ್ದು. ಅವರು ತಾಮ್ರದ ತಂತಿ ಸುತ್ತುತ್ತ ಕೂತಿದ್ದರು. ಗೋಡೆ ನಾನು ಸರಿಮಾಡಿ ಕೊಡ್ತೀನಿ, ಬೆಳಗಿನ ಜಾವವೇ ಬಂದು ಯಾರಿಗೂ ಕಾಣದ ಹಾಗೆ ಮಾಡ್ತೀನಿ ಎಂದು ಒದರಿದ. ಅವರು ತಂತಿಯಿಂದ ಕಣ್ಣೆತ್ತಲಿಲ್ಲ. "ಬೇಡ ಕಣಪ್ಪ, ಅದು ಹಂಗೇ ಇರ್ಲಿ" ಎಂದರು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ಪಾಪ ನಾಲ್ಕು ಜನರ ಕಣ್ಣಿಗೆ ಬೀಳುತ್ತಲೇ ಇರಲಿ ಎಂಬ ಹಟ ಇದು ಎಂದುಕೊಂಡು ಅವನು ವಾಪಸು ಬಂದ. ಅವತ್ತಿನಿಂದ ಪೀರ್ ಸಾಬರ ಮೇಲೆ ಒಂದು ಬಗೆಯ ಸಿಟ್ಟೂ ಇತ್ತು. ತಪ್ಪು ಮಾಡಿದವನಿಗೆ ಸಿಟ್ಟು ಮಾಡಿಕೊಳ್ಳಲು ಒಂದು ನೆಪ ಸಿಕ್ಕಿದರೆ ಬಿಡುವುದಿಲ್ಲವಲ್ಲ, ಹಾಗೆ.

"ಯಾರು, ಸೂರಿನಾ?"

ಬಾಗಿಲಲ್ಲಿ ಸರ್ವರಿ ಬೇಗಂ ನಿಂತಿದ್ದರು. ಬೀದಿಯವರೆಲ್ಲ ಕರೆಯುವ ಹಾಗೆ ಅವನೂ ಹಿಂದೆ ಬೂಬಮ್ಮ ಎಂದು ಕರೆಯುತ್ತಿದ್ದ. ಈಗ ಆ ಮಾತು ಬಾಯಿಗೆ ಬರಲಿಲ್ಲ, ತಿರುಗಿ ನಿಂತು ಕೈಯ ಧೂಳು ಕೊಡವಿದ. ಅವರು ತುಂಬ ಇಳಿದುಹೋಗಿದ್ದರು. ಬೈಗುಳಕ್ಕೆ ಮೈ ಹಿಡಿಮಾಡಿಕೊಂಡು ಅವನು ಕಾದ. ಅವರು ನಗುತ್ತಿದ್ದರು.

"ಎಷ್ಟ್ ವರ್ಷ ಆಯ್ತಪ್ಪ ನೀನು ಈ ಕಡೆ ಬಂದು. ತೆಗಿ, ತೆಗಿ, ಅದು ಮಾಸೋಗಿದೆ. ಹೊಸದಾಗಿ ಬರೆಸ್ತೀನಿ ಅಂತ ಇಮ್ದಾದ್ ಹೇಳ್ದ. ಆಗ ಬರ್ದಿದ್ಯಲ್ಲ, ಹಂಗೇ ಬರಿ."

ಸೂರ್ಯಪ್ರಕಾಶ್ ಅಣಕವೇ ಎಂದು ಮುಖ ನೋಡಿದ. ಅಣಕವಾಗಿರಲಿಲ್ಲ. ಅವರ ಹಿಂದೆ, ಒಳಗಿನ ಮಬ್ಬಿನಲ್ಲಿ, ನಾಹಿದಾ ನಿಂತು ಅವನನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಹ್ಞೂ ಅನ್ನಿ ಸಾಕು ಎಂದು ಇಮ್ದಾದ್ ಹೇಳಿದ್ದು ನೆನಪಾಗಿ ಅವನು ಹ್ಞೂ ಎಂದ.

ಸರ್ವರಿ ಬೇಗಂ ಹೊಸಿಲ ಮೇಲೆ ಕೂತು ಮಾತಿಗಿಳಿದರು, ಅವನು ಗೋಡೆ ಕೆತ್ತುತ್ತ ಕೇಳಿಸಿಕೊಂಡ. ಒಂದೊಂದಾಗಿ ತಿಳಿಯುತ್ತ ಬಂತು. ಅವತ್ತು ಬೆಳಿಗ್ಗೆ ನೀರು ತರಲು ಬಾಗಿಲು ತೆಗೆದಾಗ ಮೊದಲು ಅವರ ಮೂಗಿಗೆ ಬಡಿದದ್ದು ತಮ್ಮದೇ ಎಣ್ಣೆಯ ವಾಸನೆಯಂತೆ. ಕರಟದೆಣ್ಣೆ. ತೆಂಗಿನ ಕರಟದ ಚೂರನ್ನು ಮಡಕೆಗೆ ಗಿಡಿದು, ನೆಲದ ಗುಂಡಿಯಲ್ಲಿಟ್ಟ ಬಟ್ಟಲಿನ ಮೇಲೆ ಬೋರಲು ಹಾಕಿ, ಸುತ್ತ ಬೆರಣಿ ಉರಿಸಿ ಇಳಿಸುವ ಎಣ್ಣೆ. ಹುಳುಕಡ್ಡಿಗೆ, ಕಜ್ಜಿಗೆ, ಕಾಲಿನ ನವೆಗೆ ಅದರಷ್ಟು ಒಳ್ಳೆಯ ಮದ್ದಿಲ್ಲವೆಂದು ಸುತ್ತಲ ಹಳ್ಳಿಗಳಿಂದ ಜನ ಬರುತ್ತಿದ್ದರು. ಅವರು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಬರುವವರು ನಾಲ್ಕು ಕರಟ ತಂದರೆ ಸಾಕು. ಆ ಎಣ್ಣೆ ಗೋಡೆಯ ಮೇಲಿದ್ದದ್ದನ್ನು ಕಂಡು ಗಂಡನನ್ನು ಕರೆದು ಕೇಳಿದರಂತೆ, ಏನ್ರೀ ಇದು ಬರೆದಿರೋದು, ನನ್ನ ಎಣ್ಣೆಯಲ್ಲಿ? ಪೀರ್ ಸಾಬರು ಗೋಡೆಯ ಮುಂದೆ ಸುಮಾರು ಹೊತ್ತು ನಿಂತಿದ್ದು, ಆ ಬೋರ್ಡು ಬರೆಯೋ ಸೂರಿ ಇದ್ದಾನಲ್ಲ, ಅವನಿಗೆ ನಿನ್ನ ಎಣ್ಣೆಯಿಂದ ಕಾಲು ವಾಸಿಯಾಯಿತಲ್ಲ, ಅದಕ್ಕೆ ಬರೆದಿದ್ದಾನೆ, ಇಲ್ಲಿ ಕರಟದೆಣ್ಣೆ ಸಿಗುತ್ತದೆ ಅಂತ, ಎಂದರಂತೆ.

"ನನಗೆ ಕನ್ನಡ ಓದಕ್ಕೆ ಬರಲ್ಲ ನೋಡು. ಆದ್ರೂ ದಿನಾ ನೋಡ್ತಿದ್ದೆ. ಹಬ್ಬಕ್ಕೆ ಅವ್ರೇ ಸುಣ್ಣ ಹೊಡೆಯೋರು, ಅಲ್ಲಿಗೆ ಬಂದ್ರೆ ದಪ್ಪನಾಗಿ ಹೊಡೆಯೋರು. ಮುಚ್ಚೋಗ್ತದಲ್ರೀ ಅಂತ ಜಗಳ ಆಡ್ತಿದ್ದೆ. ಒಂದು ಮಳೆ ಆದ್ರೆ ಮತ್ತೆ ಬಂದ್ಬುಡೋದು. ನನ್ನ ಎಣ್ಣೆ ಬಿಡ್ತದಾ ಅಂತಿದ್ದೆ."

ಒಂದೇ ಬೇಸರ ಅವರಿಗೆ. ಬೋರ್ಡು ಬಂದ ಮೇಲೆ ಜನ ಹೆಚ್ಚಾಗಬೇಕಿತ್ತು, ಅದೇನೋ ಕಡಿಮೆಯಾದರು. ತಿರುವಿನವರೆಗೆ ಬಂದು, ಗೋಡೆ ನೋಡಿ, ಹಾಗೇ ಹಿಂದಕ್ಕೆ ಹೋಗುವವರನ್ನು ಅವರೇ ಕಿಟಕಿಯಿಂದ ನೋಡಿದ್ದರಂತೆ. ಎಲ್ಲರೂ ಈಗ ಟ್ಯೂಬಿನ ಮುಲಾಮು ಹಚ್ಚುತ್ತಾರೆ, ಕಾಲ ಹಾಗಿದೆ ಎಂದು ಗಂಡ ಹೇಳಿದ್ದರಂತೆ. ಮಡಕೆ ಒಡೆದ ಮೇಲೆ ಬೇರೆ ತರಲಿಲ್ಲ.

ಸೂರ್ಯಪ್ರಕಾಶ್ ಗೋಡೆಗೆ ಮುಖ ಮಾಡಿ ಉಳಿ ಹೊಡೆಯುತ್ತಲೇ ಇದ್ದ. ಗಾರೆಯ ಪುಡಿ ಕಣ್ಣಿಗೆ ಬೀಳುತ್ತಿದ್ದದ್ದು ಅನುಕೂಲವೇ ಆಯಿತು. ಬಟ್ಟೆಗೆ ಹಾಕುವ ನೀಲಿಯಲ್ಲಿ ಬರೆದದ್ದನ್ನು ಪೊಲೀಸರು ಬೆಳಗಾಗುವುದರೊಳಗೆ ಅಳಿಸುತ್ತಾರೆ ಎಂದು ಹುಚ್ಚರಂಗಯ್ಯ ಗೊಣಗಿದಾಗ, ಅಳಿಸಲಾಗದ್ದು ನನ್ನ ಹತ್ತಿರ ಇದೆ ಎಂದು ಜಂಬದಿಂದ ಹೇಳಿದ್ದು ಅವನೇ. ಮೊದಲು ತನ್ನ ಕಾಲಿನ ನವೆಗೆ ಇವರಿಂದಲೇ ಎಣ್ಣೆ ಒಯ್ದಿದ್ದವನು, ಈ ಸಲ ಅವ್ವನ ಕಾಲಿಗೆ ಬೇಕು ಎಂದು ಸುಳ್ಳು ಹೇಳಿ ದೊಡ್ಡ ಶೀಶೆ ಹಿಡಿದುಕೊಂಡು ಇದೇ ಹೊಸಿಲಿಗೆ ಬಂದಿದ್ದ. ಪಾಪ, ವಯಸ್ಸಾದವರು ಎಂದು ಇವರು ಬಟ್ಟಲಿನಲ್ಲಿದ್ದ ಅಷ್ಟನ್ನೂ ಬಗ್ಗಿಸಿಕೊಟ್ಟಿದ್ದರು. ಅದಕ್ಕೆ ದೀಪದ ಕಾಡಿಗೆ ಕಲಸಿ ಬೀದಿಯ ಎಲ್ಲ ಗೋಡೆಗೂ ಬರೆದ. ಮಿಕ್ಕವರು ಗೋಡೆ ಕೆಡವಿಸಿಯೋ ಸಿಮೆಂಟು ಹಾಕಿಸಿಯೋ ಬಚಾವಾದರು. ಪೀರ್ ಸಾಬರು ಮಾತ್ರ ತಾವು ಹೇಳಿದ ಸುಳ್ಳಿಗೆ ತಾವೇ ಕಾವಲು ಕೂತರು. ಬೀದಿಯ ಜನಕ್ಕೂ ಓದು ಬರುತ್ತಿತ್ತು. ಒಬ್ಬರೂ ಈ ಹೆಂಗಸಿನ ಮುಂದೆ ಬಾಯಿಬಿಟ್ಟು ಓದಲಿಲ್ಲ. ಅದು ಕರುಣೆಯೋ ಹೇಡಿತನವೋ ಎಂದು ಯೋಚಿಸಲು ಅವನಿಗೆ ಯಾವ ಯೋಗ್ಯತೆಯೂ ಇರಲಿಲ್ಲ.

ಸಂಜೆಯ ಹೊತ್ತಿಗೆ ಗಾರೆಯೆಲ್ಲ ಇಳಿಸಿ ಹೊಸದಾಗಿ ಸಿಮೆಂಟು ಮೆತ್ತಿದ. ಹೋಗುವಾಗ ಅವರು ಟೀ ಕೊಟ್ಟರು. ಆ ಕಾಲು ಪೂರ್ತಿ ವಾಸಿಯಾಯಿತಾ ಎಂದು ಕೇಳಿದರು. ಆಯ್ತು ಎಂದ, ಚಪ್ಪಲಿಯೊಳಗೆ ಬೆರಳು ಮುದುರಿಕೊಂಡು. ನಾಹಿದಾ ಲೋಟ ತೆಗೆದುಕೊಳ್ಳಲು ಬಂದವಳು ಮೆಲ್ಲಗೆ, ನಾಳೆ ಅಬ್ಬಾ ಹೇಳಿದ್ದನ್ನೇ ಬರೆಯಿರಿ ಎಂದು ಹೇಳಿಹೋದಳು. ರಾತ್ರಿಯೆಲ್ಲ ಅವನಿಗೆ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಹೇಳಿದರೆ ತನ್ನ ಎದೆ ಹಗುರವಾಗುತ್ತದೆ, ಅವರಿಗೆ ಸತ್ತ ಗಂಡ ಹೇಳಿದ ಒಂದು ಒಳ್ಳೆಯ ಮಾತು ಹೋಗುತ್ತದೆ. ಅದನ್ನೂ ಕಿತ್ತುಕೊಳ್ಳುವುದು ಬೇಡ. ಬರೆದುಬಿಟ್ಟರೆ ಪೀರ್ ಸಾಬರ ಸುಳ್ಳು ನಿಜವೇ ಆಗಿಬಿಡುತ್ತದಲ್ಲ ಎಂದುಕೊಂಡಾಗ ಬಹಳ ದಿನಗಳ ಮೇಲೆ ಅವನಿಗೆ ಕೆಲಸದಲ್ಲಿ ಆಸೆ ಹುಟ್ಟಿತು.

ಮಾರನೆಯ ದಿನ ಬಿಳಿ ಬಳಿದು ಒಣಗಲು ಬಿಟ್ಟು, ಮಧ್ಯಾಹ್ನದ ಮೇಲೆ ಬರೆಯಲು ನಿಂತ. ಕಪ್ಪು ಬಣ್ಣ ತೆಗೆದುಕೊಂಡ. ಅದೇ ಜಾಗ, ಅದೇ ಎತ್ತರ. ಅಕ್ಷರ ಹೆಚ್ಚಿದ್ದರಿಂದ ಸ್ವಲ್ಪ ಇಕ್ಕಟ್ಟಾಗಿ ಬರೆದು ಅಷ್ಟೇ ಅಗಲಕ್ಕೆ ಹೊಂದಿಸಿದ. ಇಲ್ಲಿ ಕರಟದೆಣ್ಣೆ ಸಿಗುತ್ತದೆ. ಕೈ ಮೊದಲಿನಂತಿರಲಿಲ್ಲ. ಆದರೂ ಬೀದಿಯಲ್ಲಿ ಹೋಗುವ ಒಬ್ಬಿಬ್ಬರು ನಿಂತು ಓದಿಕೊಂಡು, ಅವನ ಕಡೆ ಒಂದು ನೋಟ ಹರಿಸಿ ಹೋದರು. ಆ ನೋಟದಲ್ಲಿ ಹಳೆಯ ತಿರಸ್ಕಾರ ಸ್ವಲ್ಪ ಕಡಿಮೆಯಾಗಿದೆಯೆಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಹಿಗ್ಗಿದ ಕೂಡ.

ಮುಗಿದಾಗ ಸರ್ವರಿ ಬೇಗಂ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮಗಳನ್ನು ಕರೆದು ಓದು ಎಂದರು. ನಾಹಿದಾ ಸ್ಪಷ್ಟವಾಗಿ ಓದಿದಳು. ಆಗ ಇದ್ದದ್ದೇ ತಾನೆ ಎಂದು ಕೇಳಿದರು. "ಅದೇ ಅಮ್ಮಿ" ಎಂದಳು ನಾಹಿದಾ. ಅವಳ ದನಿ ಒಂದಿಷ್ಟೂ ಅಲುಗಲಿಲ್ಲ. ಎಷ್ಟು ವರ್ಷದ ಅಭ್ಯಾಸವೋ.

ಸರ್ವರಿ ಬೇಗಂ ಗೋಡೆಯ ಹತ್ತಿರ ಹೋದರು. ಹಸಿ ಬಣ್ಣಕ್ಕೆ ತಾಕದ ಹಾಗೆ ಬೆರಳನ್ನು ಗಾಳಿಯಲ್ಲೇ ಮೊದಲ ಅಕ್ಷರದ ಮೇಲೆ ಆಡಿಸಿದರು. ಇದು ಅದೇ ಎಂದು ತಲೆದೂಗಿದರು, ಬಳಗದವರನ್ನು ಗುರುತು ಹಿಡಿದ ಹಾಗೆ. ಬೆರಳು ಮುಂದಕ್ಕೆ ಹೋಯಿತು. ಎರಡನೆಯದರ ಮೇಲೆ ನಿಂತಿತು. ಮತ್ತೆ ಮೊದಲಿನಿಂದ ಬಂತು. ಸೂರ್ಯಪ್ರಕಾಶ್ ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿದವನು ಹಾಗೇ ಕೂತ.

"ಆಗ ಎರಡೇ ಮಾತಿತ್ತು" ಎಂದರು ಅವರು, ಯಾರನ್ನೂ ನೋಡದೆ. "ಮಧ್ಯ ಒಂದೇ ಕಡೆ ಜಾಗ ಬಿಟ್ಟಿತ್ತು. ಅಕ್ಷರದ ಕೆಳಗಡೆ ಎರಡು ಮರಿ ಅಕ್ಷರ ನೇತಾಡ್ತಿದ್ವು. ಇಲ್ಲಿ ಮೂರವೆ. ಹಳೇದ್ರಲ್ಲಿ ಹಿಂದೆ ಒಂದು, ಮುಂದೆ ಒಂದು, ಅವಳಿಜವಳಿ ತರ ಇದ್ವಲ್ಲ, ಅವು ಎಲ್ಲಿ?"

ನಾಹಿದಾ, ಬಣ್ಣ ಬೇರೆ ಅಲ್ವಾ ಅಮ್ಮಿ, ಅದಕ್ಕೆ ಹಾಗೆ ಕಾಣುತ್ತೆ ಎಂದು ಏನೋ ಹೇಳಹೋದಳು. ಅವರು ಕೈಯೆತ್ತಿ ಸುಮ್ಮನಿರಿಸಿದರು. ಸೂರ್ಯಪ್ರಕಾಶ್ ಬರೆದು ಮರೆತ ಅಕ್ಷರಗಳನ್ನು ಅವರು ಒಂದೊಂದಾಗಿ ಸಾಕಿಕೊಂಡಿದ್ದರು. ಅವರ ಮುಖದಲ್ಲಿ ಏನೇನೋ ಕೂಡಿಕೊಳ್ಳುತ್ತಿರುವುದು ಅವನಿಗೆ ಕಾಣುತ್ತಿತ್ತು: ತಿರುವಿನಿಂದ ಹಿಂದೆ ಹೋದ ಜನ, ದಪ್ಪನಾಗಿ ಬಳಿದ ಸುಣ್ಣ, ಒಂಬತ್ತು ವರ್ಷ ಈ ಕಡೆ ಸುಳಿಯದ ಇವನು.

"ಏನು ಬರ್ದಿದ್ದೆ ಸೂರಿ? ಇವಳು ಹೇಳಲ್ಲ. ನೀನು ಹೇಳು."

ತುರುವೇಕೆರೆಯ ಸಂತೆಯಲ್ಲಿ, ಕೆಂಕೆರೆಯ ಅರಳೀಕಟ್ಟೆಯ ಮುಂದೆ, ಸಾವಿರ ಜನರಿಗೆ ಕೇಳುವ ಹಾಗೆ ಮೈಕಿನಲ್ಲಿ ಕೂಗಿದ್ದ ಎರಡು ಮಾತು. ಈಗ ಎರಡು ಮಾರು ದೂರದಲ್ಲಿ ನಿಂತ ಒಬ್ಬ ಹೆಂಗಸಿಗೆ ಹೇಳಬೇಕಿತ್ತು. ಇನ್ನೊಂದು ಸುಳ್ಳು ಹುಡುಕಿದ; ಸಿಕ್ಕಲಿಲ್ಲ, ಪೀರ್ ಸಾಬರಿಗೆ ಸಿಕ್ಕಿದಂಥದ್ದು ಇವನಿಗೆ ಎಲ್ಲಿಂದ ಸಿಕ್ಕಬೇಕು. ಎದ್ದು ನಿಂತ. ಅವರ ಕಾಲ ಬಳಿಯ ಕಲ್ಲು ನೋಡುತ್ತ ಹೇಳಿದ.

"ಇವರು ನಮ್ಮವರಲ್ಲ."

ಕೆನ್ನೆಯ ಮೇಲೆ ಏಟು ಬೀಳುತ್ತದೆಂದು ಕಾದ, ಬಿದ್ದರೆ ಒಳ್ಳೆಯದು ಅನ್ನಿಸುತ್ತಿತ್ತು. ಸರ್ವರಿ ಬೇಗಂ ಹೊಸ ಅಕ್ಷರಗಳನ್ನು ಬಿಟ್ಟು, ಗೋಡೆಯ ಪಕ್ಕದಿಂದ ಬಾಗಿಲಿಗೆ ಬರುವ ದಾರಿಯನ್ನು ನೋಡುತ್ತಿದ್ದರು. ಸಂಜೆ ಅಂಗಡಿ ಮುಚ್ಚಿಕೊಂಡು ಬರುವವರು ಬರುವ ದಾರಿ ಅದು.

"ದಿನಾ ಅದನ್ನ ಓದ್ಕೊಂಡೇ ಒಳಗೆ ಬರ್ತಿದ್ರು ಅವ್ರು" ಎಂದರು. "ಬಂದು ನನ್ನ ಮುಂದೆ ನಗ್ತಿದ್ರು."

ನಾಹಿದಾ ಅಳುತ್ತಿದ್ದಳು. ಅವರು ಮಗಳ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದರು. ಸೂರ್ಯಪ್ರಕಾಶ್ ಉಳಿ, ಸುತ್ತಿಗೆ, ಬ್ರಶ್ಶುಗಳನ್ನು ಚೀಲಕ್ಕೆ ತುಂಬಿಕೊಂಡ, ಬಕೆಟ್ಟು ಎತ್ತಿಕೊಂಡ. ಆದರೂ ಕಾಲು ಕೀಳಲಾಗಲಿಲ್ಲ. ಅವರು ಬಾಗಿಲು ಹಾಕಿಕೊಂಡಿದ್ದರೆ ಹೋಗಬಹುದಿತ್ತು. ಹಾಕಿಕೊಂಡಿರಲಿಲ್ಲ. ಒಳಗಿನಿಂದ ಲೋಟ ತೊಳೆಯುವ ಸದ್ದು ಬಂತು, ಆಮೇಲೆ, ನಿನ್ನೆ ಟೀ ಕಾಸುವ ಮುಂಚೆ ಕೇಳಿದ್ದ ಹಾಗೇ, ಸ್ಟವ್ ಹಚ್ಚಿದ ಸದ್ದು.